ಅಕ್ಕನ ಮನೆಯ ಉಪ್ಪು

ಪಗಾರ ತಂದುಕೊಟ್ಟ ನನ್ನ ಮೊದಲ ಕೆಲಸ ಜೋಳ ಸುಡುವುದು. ಬಿ.ಎಸ್ಸಿ. ಮುಗಿಸಿ ಕೊಲ್ಹಾಪುರದ ಒಂದು ಸಣ್ಣ ಪ್ರಯೋಗಶಾಲೆಗೆ ಸಹಾಯಕನಾಗಿ ಸೇರಿದಾಗ ನನಗೆ ಹಚ್ಚಿದ್ದು ಅದನ್ನೇ. ಜೋಳ, ನಾಚಣಿ ಎಂದು ನಾವು ಕರೆಯುವ ರಾಗಿ, ಅಕ್ಕಿ, ಮೆಂತ್ಯದ ಪಲ್ಯ, ಯಾವ ಹಳ್ಳಿಯಿಂದ ಏನು ಬಂದರೂ ಪಿಂಗಾಣಿ ಬಟ್ಟಲಿಗೆ ಹಾಕಿ ಭಟ್ಟಿಯಲ್ಲಿಟ್ಟು ಬೂದಿ ಮಾಡಬೇಕು. ಬೂದಿಯನ್ನು ಆಸಿಡ್ಡಿನಲ್ಲಿ ಕರಗಿಸಿ ಅದರಲ್ಲಿ ತಾಮ್ರ ಎಷ್ಟು, ಕಬ್ಬಿಣ ಎಷ್ಟು, ಸತುವು ಎಷ್ಟು ಎಂದು ಅಳೆಯಬೇಕು. ಇಚಲಕರಂಜಿಯ ನಮ್ಮ ಮನೆಯಲ್ಲಿ ಇದನ್ನು ಹೇಳಿದಾಗ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

"ನಾ ಒಂದ ರೊಟ್ಟಿ ಹೊತ್ತಿಸಿದರ ಮನಿ ತುಂಬ ಒದರತಿದ್ದಿ. ಈಗ ಪಗಾರ ಕೊಟ್ಟು ನಿನ್ನ ಕೈಲೆ ಜ್ವಾಳ ಸುಡಸಾಕತ್ತಾರೇನ?" ಎಂದಳು.

ಪ್ರಯೋಗಶಾಲೆ ನಡೆಸುತ್ತಿದ್ದ ವಿಜ್ಞಾನಿಯನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಗಡಹಿಂಗ್ಲಜದ ಲಿಂಗಾಯತ ವ್ಯಾಪಾರಿ ಮನೆತನದವರು. ಅಂಗಡಿಯ ಗಾದಿಯನ್ನು ತಮ್ಮಂದಿರಿಗೆ ಬಿಟ್ಟು ಓದಲು ಹೋದವರು. ಉಳಿದವರೊಡನೆ ಮರಾಠಿ, ನನ್ನೊಡನೆ ಮಾತ್ರ ಕನ್ನಡ. ಅವರಿಗೆ ಒಂದೇ ಹುಚ್ಚು. ನಾವು ತಿನ್ನುವ ಅನ್ನದಲ್ಲಿ ಕಣ್ಣಿಗೆ ಕಾಣದಷ್ಟು, ನಾಲಿಗೆಗೆ ತಿಳಿಯದಷ್ಟು ಬೆರೆತಿರುವ ಲೇಶಧಾತುಗಳು, ಮತ್ತು ಅವು ಇಲ್ಲದಿದ್ದರೆ ಮನುಷ್ಯನ ಮಿದುಳಿಗೆ ಏನಾಗುತ್ತದೆ ಎನ್ನುವುದು. ಅದರಲ್ಲೂ ಅಯೋಡಿನ್ ಮೇಲೆ ಅವರಿಗೆ ಭಾಳ ಜೀವ.

"ಹುಟ್ಟಿದಾಗಿಂದ ಸಾಯೋತನಕ ಲೆಕ್ಕಾ ಹಾಕಿದರೂ ಒಂದ ಚಮಚೆ ಆಗೂದಿಲ್ಲ ನೋಡು," ಎನ್ನುತ್ತಿದ್ದರು. "ಆ ಒಂದ ಚಮಚೆ ಸಿಗಲಿಲ್ಲಂದ್ರ ತಲಿ ಇದ್ದೂ ಇಲ್ಲದಂಗ."

ಗಡಹಿಂಗ್ಲಜದಿಂದ ಪಶ್ಚಿಮಕ್ಕೆ, ಘಟ್ಟದ ಕಡೆ ಹೋದ ಹಾಗೆ, ಕೆಲವು ಹಳ್ಳಿಗಳಲ್ಲಿ ಹೆಂಗಸರ ಕೊರಳಲ್ಲಿ ಗಡ್ಡೆ ಕಾಣುತ್ತಿತ್ತು. ಗಳಗಂಡ ಎಂದು ಕರೆದು ಸುಮ್ಮನಾಗುತ್ತಿದ್ದರು. ಅದೇ ಹಳ್ಳಿಗಳಲ್ಲಿ ಮಾತು ಬಾರದ, ಕಿವಿ ಕೇಳದ, ವಯಸ್ಸಾದರೂ ಬುದ್ಧಿ ಬೆಳೆಯದ ಮಕ್ಕಳಿದ್ದರು. ಮಳೆ ನೂರಾರು ವರ್ಷ ಹೊಡೆದು ಹೊಡೆದು ಮಣ್ಣಿನಲ್ಲಿದ್ದ ಅಯೋಡಿನ್ನನ್ನು ತೊಳೆದುಕೊಂಡು ಹೋಗಿದೆ, ಮಣ್ಣಲ್ಲಿ ಇಲ್ಲದ್ದು ಬೆಳೆಯಲ್ಲಿ ಇಲ್ಲ, ಬೆಳೆಯಲ್ಲಿ ಇಲ್ಲದ್ದು ಬಸುರಿಯ ಮೈಯಲ್ಲಿ ಇಲ್ಲ, ಕೂಸಿನ ಮಿದುಳು ಹೊಟ್ಟೆಯಲ್ಲೇ ಅರ್ಧಕ್ಕೆ ನಿಲ್ಲುತ್ತದೆ: ಇದು ಸಾಹೇಬರ ನಂಬಿಕೆ. ಆಗಿನ್ನೂ ಇದನ್ನು ಎಲ್ಲರೂ ಒಪ್ಪಿರಲಿಲ್ಲ. ಡಾಕ್ಟರುಗಳೇ ನಗುತ್ತಿದ್ದರು. ನಾನು ನಗಲಿಲ್ಲ. ಏಕೆಂದರೆ ನನ್ನ ಅಕ್ಕ ಆ ಸೀಮೆಯ ಸೊಸೆ.

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನನ್ನ ಮೂಗು ಒರೆಸಿ, ಸ್ಲೇಟು ಹಿಡಿಸಿ, ನನ್ನ ಪರವಾಗಿ ಬೀದಿಯ ಹುಡುಗರ ಜೊತೆ ಜಗಳಾಡಿ ಬೆಳೆಸಿದವಳು. ಅವಳನ್ನು ಕೊಟ್ಟದ್ದು ಒಳ್ಳೆಯ ಜೈನ ಒಕ್ಕಲು ಮನೆತನಕ್ಕೆ. ಭತ್ತ, ನಾಚಣಿ, ಸ್ವಲ್ಪ ಕಬ್ಬು. ಗಂಡ ಸೌಮ್ಯ ಸ್ವಭಾವದವನು. ಅತ್ತೆ ವಿಧವೆ, ವ್ರತ ಹಿಡಿದವರು. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮುಂಚೆ. ನೀರು ಸೋಸದೆ ಮುಟ್ಟುತ್ತಿರಲಿಲ್ಲ. ಸೊಸೆಯನ್ನು ಒಂದು ದಿನ ಗದರಿದವರಲ್ಲ. ಹೀಗಾಗಿ ಮದುವೆಯಾದ ಎರಡು ವರ್ಷಕ್ಕೆ ಅಕ್ಕನ ಕೊರಳು ಸ್ವಲ್ಪ ದಪ್ಪಗಾದದ್ದನ್ನು ಕಂಡು ಅವ್ವ, "ಚೊಲೊ ಮನಿ ಸಿಕ್ಕೈತಿ, ಮೈ ಕೈ ತುಂಬ್ಯಾಳ" ಎಂದು ಹಿಗ್ಗಿದ್ದಳು. ನಾವೆಲ್ಲ ಅಷ್ಟು ಜಾಣರು.

ಅಕ್ಕನ ಮೊದಲ ಮಗು ಹೆಣ್ಣು. ಒಂದು ವರ್ಷದ ಆ ಕೂಸನ್ನು ಕಟ್ಟಿಕೊಂಡು ಇಚಲಕರಂಜಿಗೆ ಬಂದಿದ್ದಳು. ನಮ್ಮ ಮನೆಯ ಗೋಡೆಗೆ ಹತ್ತಿ ಪವರ್‌ಲೂಮಿನ ಶೆಡ್ಡು ಇತ್ತು. ಮಗ್ಗಗಳು ಶುರುವಾದರೆ ಮನೆಯ ಪಾತ್ರೆಗಳೆಲ್ಲ ನಡುಗುತ್ತಿದ್ದವು. ಹೊಸಬರ ಕೂಸುಗಳು ಬೆಚ್ಚಿ ಕಿರುಚಿ ಅಳುವುದು ನಮಗೆ ದಿನದ ತಮಾಷೆ. ಆ ದಿನ ಕರೆಂಟು ಹೋಗಿ ಬಂತು, ಎಲ್ಲ ಮಗ್ಗಗಳೂ ಒಮ್ಮೆಲೇ ಬಡಿದವು. ಅಕ್ಕನ ಕೈಯ ತಂಬಿಗೆಯೇ ಅಲುಗಾಡಿತು. ಕೂಸು ನೆಲದ ಮೇಲೆ ಕುಳಿತು ಕಡಲೆ ಆರಿಸುತ್ತಿತ್ತು, ತಲೆ ಎತ್ತಲಿಲ್ಲ. "ಎಷ್ಟ ಗಟ್ಟಿ ಗುಂಡಿಗಿ ಐತಿ ನಮ್ಮ ಕೂಸಿಗೆ" ಎಂದು ಅವ್ವ ಅದನ್ನು ಎತ್ತಿ ಮುದ್ದಾಡಿದಳು. ಅಕ್ಕ ನಗಲಿಲ್ಲ. ಅವಳು ಕೂಸಿನ ಹಿಂದೆ ಹೋಗಿ ನಿಂತು ಹೆಸರು ಹಿಡಿದು ಕರೆದಳು. ಮೂರು ಸಲ, ನಾಲ್ಕು ಸಲ, ಕೊನೆಗೆ ಗಂಟಲು ಬಿರಿಯುವ ಹಾಗೆ. ಕೂಸು ಕಡಲೆ ಆರಿಸುತ್ತಲೇ ಇತ್ತು.

ಆ ಹುಡುಗಿ ಮೂರು ವರ್ಷಕ್ಕೆ ನಡೆದಳು, ಅದೂ ಮೊಣಕಾಲು ತಿರುವಿ. ಮಾತು ಬರಲಿಲ್ಲ. ನಾನು ಕೆಲಸಕ್ಕೆ ಸೇರಿದ ವಾರ ಸಾಹೇಬರು ಮೇಜಿನ ಮೇಲೆ ಕೆಲವು ಫೋಟೋ ಹರಡಿದರು. ಬೇರೆ ಬೇರೆ ಹಳ್ಳಿಯ ಮಕ್ಕಳು. ನಾನು ಒಂದೊಂದೇ ನೋಡುತ್ತ ಹೋದೆ, ಎಲ್ಲವೂ ನನ್ನ ಅಕ್ಕನ ಮಗಳೇ. ಅದೇ ಅಗಲ ಮೂಗು, ಅದೇ ತುಸು ತೆರೆದ ಬಾಯಿ, ಅದೇ ಓರೆ ಕಣ್ಣು. "ಇದಕ್ಕ ಔಷಧ ಐತೇನ್ರಿ?" ಎಂದು ಕೇಳಿದೆ.

"ಹುಟ್ಟಿದ ಮ್ಯಾಲ ಏನೂ ಇಲ್ಲ," ಎಂದರು ಸಾಹೇಬರು. "ಹುಟ್ಟೂಕಿಂತ ಮೊದಲ ಐತಿ. ತಾಯಿ ಉಪ್ಪಿನಾಗ ಐತಿ."

ಮಹಾರಾಷ್ಟ್ರ ರಾಜ್ಯ ಆಗಿ ಒಂದೆರಡು ವರ್ಷ ಕಳೆದಿರಬೇಕು. ಅಕ್ಕ ಎರಡನೆಯ ಮಗು ಬೇಕೆಂದೂ ಬೇಡವೆಂದೂ ಒದ್ದಾಡುತ್ತಿದ್ದ ಕಾಲ. ಒಂದು ಸಲ ಅವಳ ಊರಿಗೆ ಹೋದಾಗ ಹಿತ್ತಲ ಕಟ್ಟೆಯ ಮೇಲೆ ಕುಳಿತು ನನ್ನೊಡನೆ ನೇರವಾಗಿ ಹೇಳಿದಳು. "ತಮ್ಮಾ, ಈ ಹುಡುಗಿಗೆ ನಮ್ಮ ಹಿಂದ ಯಾರೂ ಇಲ್ಲ. ಒಂದ ತಮ್ಮನೋ ತಂಗಿನೋ ಇದ್ದರ ನೋಡ್ಕೋತಾರ. ಆದರ ಅದೂ ಹಿಂಗ ಆದರ? ನೀ ಅದನ್ನ ಕಲತಾಂವ ಅದಿ. ಏನಾರ ಹೇಳು."

ನಾನು ಹೇಳಿದೆ. ಎಲ್ಲ ಹೇಳಿದೆ, ಮಣ್ಣು, ಮಳೆ, ಅಯೋಡಿನ್. ಇಪ್ಪತ್ತೆರಡರ ವಯಸ್ಸು, ಹೊಸದಾಗಿ ಕಲಿತ ವಿದ್ಯೆ, ಬಾಯಿ ನಿಲ್ಲಬೇಕಲ್ಲ. "ನೀ ಹೆದರಬ್ಯಾಡ, ನಾ ಅದೇನಿ" ಎಂದೆ. ಆ ಮಾತು ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಎನ್ನಿಸುತ್ತದೆ.

ಆಗ ಸಾಹೇಬರು ಉಪ್ಪಿನ ಪ್ರಯೋಗ ಶುರು ಮಾಡುತ್ತಿದ್ದರು. ಒಂದಿಷ್ಟು ಹಳ್ಳಿಗಳಿಗೆ ಅಯೋಡಿನ್ ಬೆರೆಸಿದ ಉಪ್ಪು, ಇನ್ನೊಂದಿಷ್ಟಕ್ಕೆ ಸಾದಾ ಉಪ್ಪು. ನೋಡಲು ಎರಡೂ ಒಂದೇ. ಯಾರಿಗೆ ಯಾವುದು ಎಂದು ಹಳ್ಳಿಯವರಿಗೆ ಗೊತ್ತಾಗಬಾರದು. ಬೆರೆಸುವವನು ನಾನು, ಚೀಲದ ಬಾಯಿ ಹೊಲಿಯುವವನೂ ನಾನೇ: ಅಯೋಡಿನ್ ಇದ್ದದ್ದಕ್ಕೆ ಕೆಂಪು ದಾರ, ಇಲ್ಲದ್ದಕ್ಕೆ ಕಪ್ಪು ದಾರ. ಯಾವ ಹಳ್ಳಿಗೆ ಯಾವ ದಾರ ಎಂದು ಚೀಟಿ ಎತ್ತಿದರು. ಎತ್ತಿದ ಕೈಯೂ ನನ್ನದೇ. ಅಕ್ಕನ ಊರಿಗೆ ಕಪ್ಪು ಬಂತು.

"ಸಾಹೇಬ್ರ, ಅದು ನಮ್ಮಕ್ಕನ ಊರ್ರಿ," ಎಂದೆ.

"ಎಲ್ಲಾ ಊರಾಗೂ ಯಾರದರೆ ಅಕ್ಕ ಇರತಾಳ," ಎಂದರು ಅವರು. ನಿಷ್ಠುರವಾಗಿ ಹೇಳಲಿಲ್ಲ. "ಎರಡ ವರ್ಷ ತಡಿ. ಖರೇ ಅಂತ ತೋರಿಸಿದ್ವಿ ಅಂದ್ರ ಎಲ್ಲಾರಿಗೂ ಕೊಡೂಣು. ಈಗ ನೀ ಒಂದ ಮನಿಗೆ ಕೊಟ್ಟಿ ಅಂದ್ರ ನಾ ಮಾಡಿದ್ದೆಲ್ಲಾ ಹೊಳಿಯಾಗ ಹುಣಸಿಹಣ್ಣ ತೊಳದಂಗ. ಮತ್ತ ನಿನ್ನ ಇಲ್ಲಿ ಇಟ್ಕೊಳ್ಳಾಕ ಆಗೂದಿಲ್ಲ."

ಎರಡು ವರ್ಷ ತಡೆಯಲು ಅಕ್ಕನಿಗೆ ಹೇಗೆ ಹೇಳಲಿ? ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಈಗಲೂ. ಸಾಹೇಬರ ಮುಂದೆ ಹೌದ್ರಿ ಎಂದೆ, ಮನಸ್ಸಿನಲ್ಲಿ ಬೈದೆ, ಮುಂದಿನ ತಿಂಗಳು ಅಯೋಡಿನ್ ಉಪ್ಪನ್ನು ದೊಡ್ಡ ತಗಡಿನ ಡಬ್ಬಿಗೆ ತುಂಬಿಕೊಂಡು ಗಡಹಿಂಗ್ಲಜದ ಎಸ್.ಟಿ. ಬಸ್ಸು ಹತ್ತಿದೆ. ಕದ್ದದ್ದು ಎಂದು ಅನ್ನಿಸಲೇ ಇಲ್ಲ. ಪ್ರಪಂಚದಲ್ಲಿ ನಾನೊಬ್ಬನೇ ಸರಿಯಾದ ಕೆಲಸ ಮಾಡುತ್ತಿದ್ದೇನೆ ಎಂದು ಎದೆ ಉಬ್ಬಿಸಿಕೊಂಡು ಕುಳಿತಿದ್ದೆ.

ಕೂಡು ಮನೆ. ಅಕ್ಕನೊಬ್ಬಳಿಗೇ ಬೇರೆ ಉಪ್ಪು ನಡೆಯುವುದಿಲ್ಲ. ಹೀಗಾಗಿ ಮನೆಗೆಲ್ಲ ಸಾಲುವಷ್ಟು ಒಯ್ದಿದ್ದೆ. ಆದರೆ ಅದರಲ್ಲಿ ಔಷಧ ಇದೆ ಎಂದರೆ ಊರಲ್ಲಿ ಸುದ್ದಿಯಾಗುತ್ತದೆ, ಸುದ್ದಿ ಸಾಹೇಬರ ಕಿವಿಗೆ ಬೀಳುತ್ತದೆ. ಅದಕ್ಕೆ ಅಕ್ಕನ ಅತ್ತೆಯ ಮುಂದೆ ಡಬ್ಬಿ ಇಟ್ಟು, "ಅತ್ತೀ, ಕೊಲ್ಹಾಪುರದಾಗ ಚೊಲೊ ಬಿಳೆ ಉಪ್ಪು ಸಿಕ್ತು. ಇದನ್ನ ಬಳಸ್ರಿ. ಊರಾಗ ಹಂಚೂ ಉಪ್ಪು ಎಮ್ಮಿಗೆ ಹಾಕ್ರಿ," ಎಂದೆ. ಅವರು ಒಂದು ಹರಳು ಕೈಯಲ್ಲಿ ತಿಕ್ಕಿ ನೋಡಿ, "ಭಾಳ ಸ್ವಚ್ಛ ಐತಿ ತಮ್ಮಾ, ಅಕ್ಕನ ಮನಿ ನೆನಪ ಇಟ್ಟೀದಿ," ಎಂದು ಖುಷಿಪಟ್ಟರು.

ಅಕ್ಕನನ್ನು ಹಿತ್ತಲಿಗೆ ಕರೆದು ನಿಜ ಹೇಳಿದೆ. ಯಾರಿಗೂ ಬಾಯಿ ಬಿಡಬೇಡ ಎಂದು ಆಣೆ ಹಾಕಿಸಿಕೊಂಡೆ. ಪ್ರಯೋಗಶಾಲೆಯಲ್ಲಿ ಸಾಹೇಬರು ಹೇಳುತ್ತಿದ್ದ ಮಾತನ್ನೇ ಗಿಳಿಪಾಠ ಒಪ್ಪಿಸಿದೆ. ಮುಚ್ಚಳ ಇದ್ದ ಭರಣಿಯಲ್ಲಿಡು, ತೇವ ತಾಗಿಸಬೇಡ, ಅಡುಗೆ ಆದ ಮೇಲೆ ಕೊನೆಯಲ್ಲಿ ಹಾಕು, ಒಲೆಯ ಮೇಲೆ ಕುದಿಸಬೇಡ. ಅಕ್ಕ ಒಂದೊಂದಕ್ಕೂ ತಲೆ ಆಡಿಸಿದಳು. ಅವಳು ಹಾಗೆಯೇ ಮಾಡಿದಳು. ಒಂದು ಅಕ್ಷರ ತಪ್ಪಲಿಲ್ಲ. ಆಮೇಲೆ ಪ್ರತಿ ಎರಡು ತಿಂಗಳಿಗೆ ನಾನು ಡಬ್ಬಿ ಒಯ್ದೆ. ಅದೇ ಊರಿಗೆ ಪ್ರಯೋಗಶಾಲೆಯಿಂದ ಕಪ್ಪು ದಾರದ ಚೀಲ ಕಳಿಸುವವನೂ ನಾನೇ.

ಐದಾರು ತಿಂಗಳ ಮೇಲೆ ಅಕ್ಕ ಬಸುರಿ ಎಂದು ಕಾಗದ ಬಂತು. ನಾನು ಆ ದಿನ ಎರಡು ಸಲ ಊಟ ಮಾಡಿದೆ.

ಮೂರನೆಯ ತಿಂಗಳಲ್ಲಿ ಹೋದಾಗ ಅಕ್ಕನ ಕೈಗೆ ಒಂದು ಖಾಲಿ ಬಾಟಲಿ ಕೊಟ್ಟು, ನಿನ್ನ ಮೂತ್ರ ಬೇಕು ಎಂದೆ. ಮೈಯಲ್ಲಿ ಅಯೋಡಿನ್ ಸೇರುತ್ತಿದೆಯೋ ಇಲ್ಲವೋ ತಿಳಿಯಲು ಅದೇ ದಾರಿ. ಅಕ್ಕ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಥೂ, ನಾಚಿಕಿಗೇಡಿ. ಸಣ್ಣವ ಇದ್ದಾಗ ನಿನ್ನ ಉಚ್ಚಿ ನಾ ಬಳದೇನಿ. ಈಗ ಸೇಡ ತೀರಿಸ್ಕೊಳ್ಳಾಕತ್ತಿ?"

ಅವಳು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಕೊನೆ. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕೊಲ್ಹಾಪುರಕ್ಕೆ ತಂದೆ.

ಪರೀಕ್ಷೆ ಬಹಳ ಸರಳ. ಒಂದು ಹಳದಿ ದ್ರಾವಣಕ್ಕೆ ಮೂತ್ರದಿಂದ ತೆಗೆದ ಅಂಶ ಬೆರೆಸಿ ಗಡಿಯಾರ ನೋಡುತ್ತ ಕೂಡುವುದು. ಅಯೋಡಿನ್ ಇದ್ದರೆ ಹಳದಿ ಬೇಗ ಬೇಗ ಬಿಳಚಿ ನೀರಿನಂತಾಗುತ್ತದೆ. ಇಲ್ಲದಿದ್ದರೆ ಹಳದಿ ಹಾಗೆಯೇ ನಿಂತಿರುತ್ತದೆ. ಆ ದಿನ ಕೆಂಪು ದಾರದ ಹಳ್ಳಿಗಳ ಬಾಟಲಿಗಳ ಸಾಲಿನ ಕೊನೆಗೆ ಅಕ್ಕನದನ್ನೂ ಸೇರಿಸಿದೆ, ಹೆಸರಿಲ್ಲದೆ. ಉಳಿದವೆಲ್ಲ ಒಂದಾದ ಮೇಲೊಂದು ಬಿಳಚಿದವು. ಅಕ್ಕನ ನಳಿಕೆ ಹಳದಿಯಾಗಿಯೇ ಇತ್ತು. ಕಾದೆ. ಚಹಾ ಕುಡಿದು ಬಂದು ನೋಡಿದೆ. ಹಳದಿ. ಉಳಿದ ಮೂತ್ರದಲ್ಲಿ ಇನ್ನೊಮ್ಮೆ ಮಾಡಿದೆ. ಮತ್ತೆ ಹಳದಿ.

ಸಾಹೇಬರು ಪಕ್ಕದ ಕೋಣೆಯಲ್ಲೇ ಇದ್ದರು, ಬಾಗಿಲು ತೆರೆದೇ ಇತ್ತು. ಹೋಗಿ "ಇದ್ಯಾಕ ಹಿಂಗ್ರಿ?" ಎಂದು ಕೇಳಿದ್ದರೆ ಅರ್ಧ ಗಂಟೆಯಲ್ಲಿ ಅವರು ಪ್ರಶ್ನೆ ಕೇಳಿ ಕೇಳಿ ಬೇರು ಹಿಡಿಯುತ್ತಿದ್ದರು, ಆ ಬುದ್ಧಿ ಅವರಿಗಿತ್ತು. ಆದರೆ ಅವರ ಮೊದಲ ಪ್ರಶ್ನೆ ಇದು ಯಾರ ಬಾಟಲಿ ಎಂದೇ. ನಾನು ಹೋಗಲಿಲ್ಲ. ಬಸ್ಸಿನ ಬಿಸಿಲಿಗೆ ಕೆಟ್ಟಿರಬೇಕು ಎಂದುಕೊಂಡೆ. ಬಾಟಲಿಯೇ ಸರಿಯಾಗಿ ತೊಳೆದಿರಲಿಲ್ಲವೇನೋ ಎಂದುಕೊಂಡೆ. ಉಳಿದ ಬಾಟಲಿಗಳೂ ಅದೇ ಬಿಸಿಲಲ್ಲಿ, ಅಂಥದೇ ಬಸ್ಸಿನಲ್ಲಿ ಬಂದಿದ್ದವು, ಅವನ್ನು ತೊಳೆದದ್ದೂ ನಾನೇ. ನಳಿಕೆಯನ್ನು ತೊಳೆದು ಬೋರಲು ಹಾಕಿದೆ. ವಹಿಯಲ್ಲಿ ಬರೆಯಲಿಲ್ಲ. ಇನ್ನೊಂದು ಬಾಟಲಿ ತರಲಿಲ್ಲ. ಆಗ ಮೂರೇ ತಿಂಗಳು, ಇನ್ನೂ ಹೊತ್ತಿತ್ತು. ಪೂರ್ತಿ ಅಲ್ಲದಿದ್ದರೂ ಅಷ್ಟಿಷ್ಟಾದರೂ ಉಳಿಯುತ್ತಿತ್ತು. ಹೆದರಿದೆ, ಬೇರೆ ಏನೂ ಅಲ್ಲ. ನೌಕರಿ ಹೋಗುತ್ತದೆಂದು ಹೆದರಿದೆ. ಬಾಯಿ ದೊಡ್ಡದು, ಎದೆ ಗುಬ್ಬಿಯದು.

ಗಂಡು ಹುಟ್ಟಿತು. ಬೆಳ್ಳಗೆ, ಗುಂಡಗೆ. ಅವ್ವ ಊರೆಲ್ಲ ಪೇಢೆ ಹಂಚಿದಳು. ನಾನು ತೊಟ್ಟಿಲ ಮುಂದೆ ನಿಂತು ಕೂಸಿನ ಮೂಗು ನೋಡಿದೆ, ಕಣ್ಣು ನೋಡಿದೆ, ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆರು ತಿಂಗಳಾದರೂ ಕುತ್ತಿಗೆ ನಿಲ್ಲಲಿಲ್ಲ. ಗಂಡುಮಕ್ಕಳು ತಡ ಎಂದರು. ಹತ್ತು ತಿಂಗಳ ಸುಮಾರಿಗೆ ಅಕ್ಕನಿಂದ ಕಾಗದ ಬಂತು. ಅವಳ ಕಾಗದ ಯಾವಾಗಲೂ ಎರಡು ಪುಟ. ಇದರಲ್ಲಿ ಎರಡೇ ಸಾಲು. ಹಿಂದಿನಿಂದ ತಾಟು ಬಡಿದೆ, ತಿರುಗಲಿಲ್ಲ. ನೀನು ಒಮ್ಮೆ ಬಂದು ಹೋಗು.

ನಾನು ಹೋದಾಗ ಮುಂಜಾನೆ ಹತ್ತು ಗಂಟೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಹಿತ್ತಲಿನಿಂದ ಚಟಪಟ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ಅಕ್ಕನ ಅತ್ತೆ ಮೂರು ಕಲ್ಲಿನ ಒಲೆಯ ಮೇಲೆ ಬಾಣಲೆಯಂಥ ಅಗಲವಾದ ಕಬ್ಬಿಣದ ಬುಟ್ಟಿ ಇಟ್ಟು, ಉದ್ದ ಹುಟ್ಟಿನಿಂದ ಏನನ್ನೋ ಕೈಯಾಡಿಸುತ್ತಿದ್ದರು. ಪಕ್ಕದಲ್ಲಿ ನನ್ನ ತಗಡಿನ ಡಬ್ಬಿ, ಮುಚ್ಚಳ ತೆಗೆದು ಇತ್ತು.

"ಏನ ಮಾಡಾಕತ್ತೀರಿ ಅತ್ತೀ?" ಎಂದೆ.

"ಉಪ್ಪ ಹುರ್ಯಾಕತ್ತೇನಿ ತಮ್ಮಾ. ಹಸಿ ಉಪ್ಪ ನಡಿಯೂದಿಲ್ಲಲಾ ನನಗ. ನೀ ತಂದಾಗೊಮ್ಮೆ ಎಲ್ಲಾ ಹುರದ, ಆರಿಸಿ, ಭರಣಿಗೆ ತುಂಬಿ ನಿಮ್ಮಕ್ಕನ ಕೈಯಾಗ ಕೊಡತೇನಿ."

ನಮ್ಮಲ್ಲಿ ವ್ರತ ಹಿಡಿದವರ ಮನೆಯಲ್ಲಿ ಇದೇ ರೂಢಿ. ಉಪ್ಪು ಮಣ್ಣಿನ ಜಾತಿ, ಹಸಿ ಮಣ್ಣಿನಲ್ಲಿ ಜೀವ ಇರುತ್ತದೆ. ಬೆಂಕಿ ಮುಟ್ಟಿದ ಮೇಲೆಯೇ ಅದು ತಿನ್ನಲು ಶುದ್ಧ. ನನಗೆ ಇದನ್ನು ಯಾರಾದರೂ ಹೊಸದಾಗಿ ಹೇಳಬೇಕಿತ್ತೇ? ನಮ್ಮ ಅಜ್ಜಿ ಇರುವತನಕ ಇಚಲಕರಂಜಿಯ ಮನೆಯಲ್ಲೂ ಹುರಿದ ಉಪ್ಪೇ. ಆ ಬುಟ್ಟಿಯ ಬಿಸಿ ಉಪ್ಪನ್ನು ಪೇರಲಕ್ಕೆ ಹಚ್ಚಿಕೊಂಡು ತಿಂದು ಬೆಳೆದವನು ನಾನು. ಬೆಂಕಿಗೆ ಅಯೋಡಿನ್ ಹಾರಿ ಹೋಗುತ್ತದೆ ಎಂದು ತಿಳಿದು, ಕುದಿಸಬೇಡ ಎಂದು ಅಕ್ಕನಿಗೆ ಪಾಠ ಹೇಳಿದವನೂ ನಾನೇ. ಒಂದೇ ತಲೆಯಲ್ಲಿ ಎರಡೂ ಇದ್ದವು, ಒಂದಕ್ಕೊಂದು ಮುಖ ನೋಡಿರಲಿಲ್ಲ. ಒಂದು ಮನೆಯಲ್ಲಿ ಕಲಿತದ್ದು, ಇನ್ನೊಂದು ಕಾಲೇಜಿನಲ್ಲಿ ಕಲಿತದ್ದು. ಹುರಿಯಬೇಡ ಎಂದು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಅವಳು ಕೊನೆಯಲ್ಲಿ ಹಾಕುತ್ತಿದ್ದ ಆ ಉಪ್ಪು ಭರಣಿಗೆ ಬರುವ ಮೊದಲೇ ಬರೀ ಉಪ್ಪಾಗಿತ್ತು.

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಕಾಲಿನಿಂದ ಆ ಡಬ್ಬಿಯನ್ನು ಒದ್ದೆ. ಉಪ್ಪೆಲ್ಲ ಹಿತ್ತಲಿಗೆ ಚೆಲ್ಲಿತು.

"ನಿಮ್ಮ ಕೈಯಾರೆ ಮೊಮ್ಮಗನ ಕಿವಿ ಸುಟ್ರಿ ನೀವು," ಎಂದೆ. "ಅದರಾಗ ಔಷಧ ಇತ್ತು. ನಾ ಕೊಲ್ಹಾಪುರದಿಂದ ಹೊತ್ತು ತಂದೇನಿ, ನೀವು ಬೆಂಕಿಗೆ ಹಾಕಿ ಕುಂತೀರಿ. ಹುಳಾ ಸಾಯಬಾರದಂತ ಉಪ್ಪ ಹುರದು ಮನಶ್ಯಾನ್ನ ಕೊಂದ್ರಿ."

ಅವರು ಹುಟ್ಟನ್ನು ನಿಧಾನವಾಗಿ ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಬದುಕುತ್ತಿದ್ದೆ.

"ಔಷಧ ಐತಂತ ಯಾಕ ಹೇಳಲಿಲ್ಲ ತಮ್ಮಾ?" ಎಂದರು. "ಹೇಳಿದ್ದರ ನಾ ಹುರೀತಿದ್ದಿಲ್ಲ. ನನಗ ಬ್ಯಾರೆ ಉಪ್ಪ ಇಟ್ಕೋತಿದ್ನಿ."

ಅಷ್ಟು ಹೊತ್ತಿಗೆ ಅಕ್ಕ ಮಗನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಳಲಿಲ್ಲ. ಅತ್ತೆಯನ್ನು ಕೈ ಹಿಡಿದು ಎಬ್ಬಿಸಿ ಒಳಗೆ ಕರೆದೊಯ್ದು ಕೂಡಿಸಿ, ತಿರುಗಿ ಬಂದು ಚೆಲ್ಲಿದ ಉಪ್ಪನ್ನು ಕಸಬರಿಗೆಯಿಂದ ಒಂದು ಕಡೆ ಮಾಡಿದಳು. ಉಪ್ಪಿನ ಮೇಲೆ ಯಾರೂ ತುಳಿಯಬಾರದಲ್ಲ. ಆಮೇಲೆ ಕೇಳಿದಳು.

"ನಾ ಬಾಟ್ಲಿ ಕೊಟ್ಟಿದ್ನೆಲಾ ತಮ್ಮಾ, ಮೂರ ತಿಂಗಳ ಇದ್ದಾಗ. ಅದರಾಗ ಏನ ಬಂದಿತ್ತು?"

ಅವಳು ನನ್ನನ್ನೇ ನೋಡುತ್ತಿದ್ದಳು. ಕೂಸು ಅವಳ ತಾಳಿಯ ಮಣಿ ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು.

"ಅದರಾಗ ಚೊಲೋನ ಬಂದಿತ್ತಕ್ಕಾ," ಎಂದೆ.

ಅಕ್ಕ ತಲೆ ಆಡಿಸಿದಳು, ನಂಬಿದಳು. ನನ್ನ ಮಾತಿಗೆ ಅವಳು ಯಾವಾಗಲೂ ತಲೆ ಆಡಿಸುತ್ತಿದ್ದಳು.

ಆ ಒಂದು ಸುಳ್ಳಿನಿಂದ ತಪ್ಪೆಲ್ಲ ಆ ಮುದುಕಿಯ ಪಾಲಿಗೆ ಬಂತು. ಪರೀಕ್ಷೆ ಮಾಡಿದಾಗ ಚೆನ್ನಾಗಿತ್ತು, ಆಮೇಲೆ ಹುರಿದು ಹಾಳಾಯಿತು ಎಂದು ಲೆಕ್ಕ ಕೂಡಿತು. ಮರುದಿನ ಅವರು ಜಿನ ಬಸ್ತಿಗೆ ಹೋಗಿ, ಬದುಕಿರುವತನಕ ಉಪ್ಪು ಬಿಟ್ಟೆ ಎಂದು ನೇಮ ಹಿಡಿದು ಬಂದರು. ನಮ್ಮಲ್ಲಿ ಉಪ್ಪು ಬಿಡುವವರಿದ್ದಾರೆ, ಹಬ್ಬಕ್ಕೆ, ಪರ್ವಕ್ಕೆ, ನಾಲ್ಕು ತಿಂಗಳಿಗೆ. ಇದು ಹಾಗಲ್ಲ. ಮಗ ಬೇಡವೆಂದ, ಅಕ್ಕ ಕಾಲು ಹಿಡಿದಳು. "ನನಗ ಇದು ಭಾರ ಅಲ್ಲವಾ," ಎಂದರಂತೆ.

ಪ್ರಯೋಗ ಎರಡು ವರ್ಷ ಅಲ್ಲ, ನಾಲ್ಕು ವರ್ಷ ನಡೆಯಿತು. ಕೊನೆಗೆ ಹಳ್ಳಿ ಹಳ್ಳಿಯ ಮಕ್ಕಳ ಪಟ್ಟಿ ಮಾಡುವಾಗ ಸಾಹೇಬರು ಓದುತ್ತಿದ್ದರು, ನಾನು ವಹಿಯಲ್ಲಿ ಗೆರೆ ಎಳೆಯುತ್ತಿದ್ದೆ. ಅಕ್ಕನ ಊರು ಬಂತು. "ಕಪ್ಪ ದಾರ. ಒಂದ ಗಂಡು, ಕಿವಿ ಇಲ್ಲ, ಮಾತಿಲ್ಲ," ಎಂದು ಓದಿ, ಅದು ಯಾರ ಮನೆ ಎಂದು ನೆನಪಾಗಿ ತಡೆದರು. ಕನ್ನಡಕ ತೆಗೆದರು. "ಎರಡ ವರ್ಷ ತಡಿ ಅಂದಿದ್ನಿ ನಿನಗ. ತಪ್ಪಾತು," ಎಂದರು. ನಾನು ಕದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನನ್ನ ಕಳ್ಳತನ ಅವರ ಲೆಕ್ಕವನ್ನೂ ಕೆಡಿಸಲಿಲ್ಲ. ಅಕ್ಕನ ಮಗ ವಹಿಯ ಸರಿಯಾದ ಅಂಕಣದಲ್ಲೇ ಗೆರೆಯಾಗಿ ಕುಳಿತ. ಉಪ್ಪಿನ ಗುಣ ಸಾಬೀತಾಯಿತು. ಆದರೆ ಎಲ್ಲರಿಗೂ ಕೊಡುವ ಮಾತು ಕಾಗದದಿಂದ ಕಾಗದಕ್ಕೆ ಓಡಾಡಿ ಎಲ್ಲೋ ಕುಳಿತುಬಿಟ್ಟಿತು. ಸಾಹೇಬರು ಮುಂದೆ ತಾಮ್ರದ ಮೇಲೆ ಕೆಲಸ ಶುರು ಮಾಡಿದರು, ನಾನು ಮತ್ತೆ ಜೋಳ ಸುಟ್ಟೆ.

ಅಕ್ಕನ ಊರಿಗೆ ಹೋಗುವುದು ಕಡಿಮೆ ಮಾಡಿದೆ. ಆ ದಶಕದ ಕೊನೆಗೆ, ಅವಳ ಮಗನಿಗೆ ಐದು ತುಂಬಿದ ಮೇಲೆ ಒಮ್ಮೆ ಹೋಗಿದ್ದೆ. ಮಗಳು ಅಂಗಳದಲ್ಲಿ ಕುಳಿತಿದ್ದಳು, ಮಗ ಅವಳಿಗೆ ಆತುಕೊಂಡು ಕುಳಿತಿದ್ದ. ಒಬ್ಬರನ್ನೊಬ್ಬರು ನೋಡಿಕೊಳ್ಳಲಿ ಎಂದು ಅಕ್ಕ ಹಡೆದಳಲ್ಲ, ಇಬ್ಬರನ್ನೂ ಅವಳೇ ಎತ್ತಿ ಕೂಡಿಸಬೇಕು, ಅವಳೇ ಉಣಿಸಬೇಕು. ಅಕ್ಕನ ಕೊರಳ ಗಡ್ಡೆ ಈಗ ಸೆರಗಿನಲ್ಲಿ ಮುಚ್ಚಿಡುವಷ್ಟು ಚಿಕ್ಕದಾಗಿರಲಿಲ್ಲ. ಅವಳ ಅತ್ತೆ ತೀರ ಬಡಕಲಾಗಿದ್ದರು. ಬೆನ್ನು ಬಾಗಿತ್ತು. 'ಆ ದಿನ ಹಾಗೆ ಅಂದೆಯಲ್ಲ' ಎಂದು ನನಗೆ ಒಂದು ಮಾತು ಅವರು ಎಂದೂ ಹೇಳಲಿಲ್ಲ.

ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂಡಿಸಿದರು. ಅಕ್ಕ ಮಕ್ಕಳಿಗೆ ಉಣಿಸುತ್ತಿದ್ದಳು, ಹೀಗಾಗಿ ಅತ್ತೆಯೇ ಬಡಿಸಲು ಬಂದರು. ಮೊದಲ ತುತ್ತು ಬಾಯಿಗಿಟ್ಟೆ. ಬದನೆಕಾಯಿ ಪಲ್ಯ, ಅವರೇ ಮಾಡಿದ್ದು. ಅದರಲ್ಲಿ ಉಪ್ಪೇ ಬಿದ್ದಿರಲಿಲ್ಲ.

"ಉಪ್ಪ ಸರಿ ಬಿದ್ದೈತೇನ ನೋಡು ತಮ್ಮಾ," ಎಂದರು. "ತಿನ್ನೂದ ಬಿಟ್ಟ ಮ್ಯಾಲ ನನಗ ಕೈ ಅಂದಾಜ ಸಿಗವಲ್ದು."

ಹೇಳಬೇಕಾಗಿದ್ದ ಮಾತು ಬೇರೆಯೇ ಇತ್ತು. ಬಾಟಲಿ, ಹಳದಿ ನಳಿಕೆ, ಮೂರನೆಯ ತಿಂಗಳು. ಹೇಳಿದ್ದರೆ ಆ ಹೊತ್ತಿನಿಂದ ಅವರು ಉಪ್ಪು ತಿನ್ನಬಹುದಿತ್ತು.

"ಸರಿ ಬಿದ್ದೈತ್ರಿ ಅತ್ತೀ," ಎಂದೆ.

ಅವರಿಗೆ ಸಮಾಧಾನವಾಯಿತು. ಬಗ್ಗಿ ಇನ್ನೊಂದು ಸೌಟು ಬಡಿಸಿದರು.